ಅಕ್ರೋಟು ಗೋಡೆಯ ಮೇಲಿನ ಗೀರು

ಟ್ರಾಮು ಎಡಕ್ಕೆ ತಿರುಗಿ ಗುಡ್ಡ ಹತ್ತತೊಡಗಿದ ಕೂಡಲೇ ಎಲ್ಲಿಗೆ ಹೋಗುತ್ತಿದ್ದೇವೆಂದು ಯಾರ್ಮಿಲಾಗೆ ಗೊತ್ತಾಗಿಹೋಯಿತು. ಮೊದಲು ಗೊತ್ತಾದದ್ದು ಬೆನ್ನಿಗೆ. ಎಡ ಭುಜದ ಕೆಳಗೆ, ಎಷ್ಟು ನೆಟ್ಟಗೆ ಮಾಡಿಸಿದರೂ ಒಂದಿಷ್ಟು ಓರೆಯಾಗಿಯೇ ಉಳಿದುಬಿಟ್ಟ ಆ ಜಾಗದಲ್ಲಿ ಯಾರೋ ಬೆರಳಿಟ್ಟು ಒತ್ತಿದ ಹಾಗಾಯಿತು. ಪಕ್ಕದಲ್ಲಿ ಗಂಡ ಓಲ್ದ್ರಿಖ್ ಇನ್ನೂ ಒಂಬತ್ತೂವರೆಯಾಗುವ ಮೊದಲೇ ಚೀಲದ ಬಾಯಿ ಬಿಚ್ಚಿ, ಬ್ರೆಡ್ಡಿನ ನಡುವೆ ಇಟ್ಟ ಕರಿದ ಮಾಂಸದ ತುಂಡನ್ನು ಕಚ್ಚುತ್ತಿದ್ದ. ಪ್ರೆರೊವ್‌ನಿಂದ ಬ್ರ್ನೋಗೆ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಅಷ್ಟಕ್ಕೆ ಆರು ತುಂಡು ಮಾಂಸ, ನಾಲ್ಕು ಉಪ್ಪುನೀರಿನ ಸೌತೆಕಾಯಿ, ಫ್ಲಾಸ್ಕಿನಲ್ಲಿ ಚಹಾ. ಮನೆಯಿಂದ ಹೊರಗೆ ಕಾಲಿಟ್ಟರೆ ಜಗತ್ತಿನ ಹೋಟೆಲುಗಳೆಲ್ಲ ಬಾಗಿಲು ಹಾಕಿಕೊಂಡಿರುತ್ತವೆ ಎಂಬುದು ಈ ಮನುಷ್ಯನ ನಂಬಿಕೆ. ಬೆಳಗಿನ ಐದಕ್ಕೆ ಎದ್ದು ಎಣ್ಣೆಯ ಮುಂದೆ ನಿಂತು ಕರಿದವಳು ಅವಳು. ಈಗ ಟ್ರಾಮಿನ ತುಂಬ ಬೆಳ್ಳುಳ್ಳಿ ವಾಸನೆ ಹರಡಿ, ಎದುರಿನ ಸೀಟಿನ ಹುಡುಗಿ ಮೂಗು ಸುಕ್ಕು ಮಾಡಿದರೆ ನಾಚಿಕೆಪಡಬೇಕಾದವಳೂ ಅವಳೇ.

"ಓಲ್ದಾ, ನಾವೀಗ ಎಲ್ಲಿಗೆ ಹೋಗ್ತಿರೋದು?"

"ಸರ್‌ಪ್ರೈಸ್ ಅಂದ್ರೆ ಸರ್‌ಪ್ರೈಸ್. ನಾಲ್ಕು ತಿಂಗಳು ಬಾಯಿ ಕಟ್ಕೊಂಡು ಕೂತಿದೀನಿ, ಇನ್ನು ಹತ್ತು ನಿಮಿಷ ತಡ್ಕೊಳೋಕೆ ನಿನ್ನ ಕೈಲಿ ಆಗಲ್ವಾ?"

"ಟೌಬರ್ ವಿಲ್ಲಾಗಾ?"

ಅವನ ದವಡೆ ನಿಂತಿತು. "ಥೂ! ಯಾರು ಹೇಳಿದ್ರು? ಮಗಳು ಹೇಳಿದ್ಲಾ? ಅವಳ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ ನೋಡು."

"ಯಾರೂ ಹೇಳಿಲ್ಲ. ಗೊತ್ತಾಯ್ತು."

"ಹೇಗೆ ಗೊತ್ತಾಗುತ್ತೆ? ನೀನು ಬ್ರ್ನೋಗೆ ಬಂದಿರೋದೇ ಎರಡು ಸಲ. ಎರಡೂ ಸಲ ಹಲ್ಲಿನ ಡಾಕ್ಟ್ರ ಹತ್ರ."

ಎರಡು ಸಲ. ಅವನಿಗೆ ಗೊತ್ತಿರುವ ಲೆಕ್ಕ ಅದು. ಒಂಬತ್ತನೆಯ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಇದೇ ಗುಡ್ಡದ ಮೇಲೆ, ಆ ಮನೆಯ ದೊಡ್ಡ ಹಾಲಿನಲ್ಲಿ, ಬೆನ್ನಿನ ಅಳತೆಗೆ ಎರಕ ಹೊಯ್ದ ಪ್ಲಾಸ್ಟರಿನ ತೊಟ್ಟಿಯೊಳಗೆ ಅಂಗಾತ ಮಲಗಿದ್ದಳೆಂಬುದು ಅವನಿಗೆ ಗೊತ್ತಿಲ್ಲ. ವಾಪಸು ಕರೆದುಕೊಂಡು ಹೋಗುವಾಗ ರೈಲಿನಲ್ಲಿ ಅಮ್ಮ ಹೇಳಿದ್ದಳು: "ಯಾರಾದ್ರೂ ಕೇಳಿದ್ರೆ ಅಜ್ಜಿ ಮನೇಲಿದ್ದೆ ಅನ್ನು. ಗೂನಿ ಅಂತ ಒಂದ್ಸಲ ಹೆಸರು ಬಿತ್ತು ಅಂದ್ರೆ ಸಾಯೋತನಕ ಹೋಗಲ್ಲ." ಶಾಲೆಯಲ್ಲಿ ಹಾಗೇ ಹೇಳಿದಳು. ಇಪ್ಪತ್ತರಲ್ಲಿ ಓಲ್ದ್ರಿಖ್‌ನಿಗೂ ಹಾಗೇ ಹೇಳಿದಳು. ಅವನೋ, ಅಷ್ಟಕ್ಕೆ ಬಿಡುವ ಜನವಲ್ಲ. ಅಜ್ಜಿ ಮನೇಲಿ ಏನೇನಿತ್ತು, ಏನು ಮಾಡ್ತಿದ್ದೆ ಎಂದು ಕೆದಕಿ ಕೆದಕಿ ಕೇಳಿದ. ಒಂದು ಮೇಕೆ ಇತ್ತು ಎಂದಳು. ಅದು ಅಂಚೆಯವನ ಟೋಪಿ ತಿಂದಿತು ಎಂದಳು. ಅವನು ಬಿದ್ದು ಬಿದ್ದು ನಕ್ಕ, ಅದನ್ನು ಮಗಳಿಗೆ ಹೇಳಿದ, ಮೊಮ್ಮಗಳಿಗೆ ಹೇಳಿದ, ಪ್ರತಿ ಸಲವೂ ಮೇಕೆಗೆ ಒಂದೊಂದು ಹೊಸ ಚೇಷ್ಟೆ ಸೇರಿಸಿದ. ಸುಳ್ಳಿಗೆ ಕೈಕಾಲು ಬಂದು ಮನೆಯ ತುಂಬ ಓಡಾಡತೊಡಗಿದರೆ ಅದನ್ನು ಹಿಡಿದು ಕಟ್ಟುವುದಾದರೂ ಎಲ್ಲಿಗೆ? ಹಾಗೇ ಬಿಟ್ಟಳು.

ಬೆನ್ನಿನದ್ದಷ್ಟೇ ಆಗಿದ್ದರೆ ಎಂದೋ ಹೇಳಿಬಿಡುತ್ತಿದ್ದಳು. ಹೇಳಲಾಗದ್ದು ಬೇರೆ ಇತ್ತು.

"ನನ್ನ ಕಾಲು ನೋಯ್ತಿದೆ. ಊರೊಳಗೆ ಮಾರ್ಕೆಟ್ ನೋಡ್ಕೊಂಡು ವಾಪಸ್ ಹೋಗೋಣ ನಡಿ."

"ಮುಲಾಮು ತಂದಿದೀನಿ."

"ತಲೆನೂ ನೋಯ್ತಿದೆ."

"ಮಾತ್ರೆನೂ ತಂದಿದೀನಿ." ಅವನು ಬೆರಳು ನೆಕ್ಕಿಕೊಂಡು ಅವಳ ಮುಖ ನೋಡಿದ. "ಲೇ ಯಾರ್ಮಿಲ್ಕಾ, ಪ್ರಪಂಚದ ಮೂಲೆಮೂಲೆಯಿಂದ ಬರ್ತಾರೆ ಈ ಮನೆ ನೋಡೋಕೆ. ಟಿಕೆಟ್ ಬಿಡೋ ದಿನ ಬೆಳಗ್ಗೆ ಲೈಬ್ರರಿ ಕಂಪ್ಯೂಟರ್ ಮುಂದೆ ಕೂತು, ಹತ್ತು ನಿಮಿಷದಲ್ಲಿ ಎಲ್ಲಾ ಖಾಲಿ ಆಗೋದ್ರೊಳಗೆ ಎರಡು ಹಿಡ್ಕೊಂಡಿದೀನಿ. ನಮ್ಮ ನಲವತ್ತನೇ ವರ್ಷ. ಮುಖ ಸ್ವಲ್ಪ ಸರಿ ಮಾಡ್ಕೋ."

ಈ ಒಳ್ಳೆಯತನಕ್ಕೆ ಏನು ಹೇಳಬೇಕು? ಬೈಯುವಂತಿಲ್ಲ, ಸಹಿಸುವಂತಿಲ್ಲ, ಬಾಯಲ್ಲಿ ಬಿಸಿತುಪ್ಪ. ಈ ಒಂದು ಮನೆಯನ್ನು ಬಿಟ್ಟು ಬೇರೆ ಯಾವುದನ್ನು ಬುಕ್ ಮಾಡಿದ್ದರೂ ಅವಳು ಅವನ ತೋಳು ಹಿಡಿದು ಮೆಚ್ಚಿ ನಡೆಯುತ್ತಿದ್ದಳು. ಕೋಟೆಗಳಿಲ್ಲವೇ, ಗುಹೆಗಳಿಲ್ಲವೇ, ಅವನ ಪ್ರಾಣವಾದ ರೈಲು ಮ್ಯೂಸಿಯಮ್ಮುಗಳಿಲ್ಲವೇ? ಮೂವತ್ತು ವರ್ಷ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೂತು ಬೇರೆಯವರ ರೈಲುಗಳನ್ನು ಸರಿಯಾದ ಹಳಿಗೆ ತಿರುಗಿಸಿದವನು ಹೆಂಡತಿಯನ್ನು ಮಾತ್ರ ನೇರ ಇಲ್ಲಿಗೇ ತಂದು ನಿಲ್ಲಿಸಿದ. ಟ್ರಾಮು ನಿಂತಿತು. ಇಳಿಯದೆ ಬೇರೆ ದಾರಿಯಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ಬೀದಿಯ ಕಡೆಯಿಂದ ನೋಡಿದರೆ ಆ ಮನೆ ಈಗಲೂ ಒಂದು ಬಿಳಿ ಗ್ಯಾರೇಜಿನ ಹಾಗೇ ಇತ್ತು. ತಗ್ಗು, ಚಪ್ಪಟೆ, ಮುಖವಿಲ್ಲದ್ದು. ಇಡೀ ಮನೆ ಇಳಿಜಾರಿನಲ್ಲಿ ಕೆಳಗಡೆ ಅಡಗಿಕೊಂಡಿದೆ. ಆಗ ಗೋಡೆ ಬೂದು ಬಣ್ಣಕ್ಕೆ ತಿರುಗಿತ್ತು, ಬಾಗಿಲಲ್ಲಿ ಬೇಯಿಸಿದ ಎಲೆಕೋಸಿನ ವಾಸನೆ ಇತ್ತು. ಈಗ ಹಾಲಿನಷ್ಟು ಬಿಳಿ, ವಾಸನೆಯೇ ಇಲ್ಲ. ಬಾಗಿಲ ಬಳಿ ಹನ್ನೆರಡು ಜನ ಸೇರಿದ್ದರು. ಗೈಡ್ ಹುಡುಗಿಯ ಹೆಸರು ರೊಝಾಲಿಯೆ. ಇಪ್ಪತ್ತೈದರ ಆಸುಪಾಸು, ಕಿವಿಯ ಮೇಲಿನವರೆಗೆ ಕತ್ತರಿಸಿದ ಕೂದಲು, ಬಾಯಿಪಾಠ ಒಪ್ಪಿಸುವ ಚುರುಕು. ಚೀಲ ಕಪಾಟಿನಲ್ಲಿಡಿ, ಬುಟ್ಟಿಯಲ್ಲಿರುವ ಉಣ್ಣೆಯ ಮೆಟ್ಟು ಹಾಕಿಕೊಳ್ಳಿ ಎಂದಳು. ಹಳೆಯ ಅರಮನೆಗಳಲ್ಲೆಲ್ಲ ಕೊಡುವ ಅದೇ ದೋಣಿಯಂಥ ಮೆಟ್ಟು, ಬೂಟಿನ ಮೇಲೇ ಹಾಕಿಕೊಳ್ಳುವಂಥದ್ದು. ಯಾರ್ಮಿಲಾ ಬಗ್ಗಿ ಒಂದು ಜೊತೆ ಹುಡುಕುವಷ್ಟರಲ್ಲಿ ಓಲ್ದ್ರಿಖ್ ಬೂಟು ಬಿಚ್ಚಿ, ಹೊಸ್ತಿಲ ಪಕ್ಕ ಮೂತಿ ಹೊರಗೆ ಮಾಡಿ ಜೋಡಿಸಿಟ್ಟು, ಕಾಲುಚೀಲದಲ್ಲಿ ನಿಂತಿದ್ದ. ಬಲಗಾಲಿನ ಹೆಬ್ಬೆರಳು ತೂತಿನಿಂದ ಹೊರಗೆ ಇಣುಕುತ್ತಿತ್ತು.

"ಬಿಚ್ಚೋದೇನೂ ಬೇಡ, ಮೇಲೇ ಹಾಕ್ಕೊಳ್ಳಿ," ಎಂದಳು ರೊಝಾಲಿಯೆ.

"ಮನೆ ಅಂದ್ಮೇಲೆ ಬೂಟು ಹಾಕ್ಕೊಂಡು ಒಳಗೆ ಹೋಗೋದಾ? ನಮ್ಮಮ್ಮ ಇದ್ದಿದ್ರೆ ಚಿಮಟ ತಗೊಂಡು ಬರ್ತಿದ್ಲು," ಎಂದ ಓಲ್ದ್ರಿಖ್, ಎಲ್ಲರೂ ಮೆಚ್ಚುತ್ತಾರೆಂದುಕೊಂಡು.

ಕಪ್ಪು ದಪ್ಪ ಕನ್ನಡಕದ ಹೆಂಗಸೊಬ್ಬಳು, ಮಾತಿನ ಎಳೆತದಲ್ಲೇ ಪ್ರಾಗಿನವಳೆಂದು ತಿಳಿಯುತ್ತಿತ್ತು, ಪಕ್ಕದವಳಿಗೆ ಕೇಳುವಂತೆ ಹೇಳಿದಳು: "ಮೊರಾವಿಯಾ ಹಳ್ಳಿ ಕಡೆಯವ್ರು ಪಾಪ. ಸದ್ಯ, ಚಪ್ಪಲಿನೂ ಮನೆಯಿಂದ ತಂದಿಲ್ಲ."

ಯಾರ್ಮಿಲಾಗೆ ಕಿವಿ ಬಿಸಿಯಾಯಿತು. ಆ ತೂತು ಅವಳಿಗೆ ಮೊನ್ನೆಯೇ ಕಂಡಿತ್ತು, ಹೊಲಿಯೋಣ ಎಂದು ಬುಟ್ಟಿಗೆ ಹಾಕಿದ್ದಳು. ಬುಟ್ಟಿಯಿಂದ ಅದನ್ನೇ ಹುಡುಕಿ ತೆಗೆದು ಹಾಕಿಕೊಂಡು ಬಂದಿದ್ದಾನೆ ಪುಣ್ಯಾತ್ಮ. ಅವನ ಮೇಲೆ ಸಿಟ್ಟು ಬಂತು, ಕನ್ನಡಕದವಳ ಮೇಲೆ ಅದಕ್ಕಿಂತ ಹೆಚ್ಚು ಬಂತು, ಇಂಥ ಹೊತ್ತಿನಲ್ಲೂ ಹೆಬ್ಬೆರಳಿಗೆ ನಾಚಿಕೊಳ್ಳುತ್ತಿರುವ ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ಕೆಳಗಿಳಿಯುವ ಮೆಟ್ಟಿಲು ಶುರುವಾಯಿತು. ಹದಿನೇಳು ಮೆಟ್ಟಿಲು. ಅವಳನ್ನು ಹೊತ್ತು ಇಳಿಸಿದ್ದರು, ಎಣಿಸಲು ಪುರುಸೊತ್ತಿತ್ತು.

ಎದುರಿಗೆ ಆ ದೊಡ್ಡ ಹಾಲ್ ತೆರೆದುಕೊಂಡಿತು. ಜನ "ಅಬ್ಬಾ" ಎಂದರು. ಎದುರಿಗೆ ನೆಲದಿಂದ ಸೂರಿನವರೆಗೆ ಗಾಜು, ಗಾಜಿನಾಚೆ ಇಳಿಜಾರಿನ ತೋಟ, ತೋಟದ ತುದಿಗೆ ಕಬ್ಬಿಣದ ಗೇಟು. ಎಡಕ್ಕೆ ಅಕ್ರೋಟು ಮರದ ಗೋಡೆ. ಹನ್ನೊಂದು ಮೀಟರು ಉದ್ದ, ಒಂದೇ ಮರದ ಹಲಗೆಗಳು, ಎಳೆಗೆ ಎಳೆ ಕೂಡಿಸಿದ್ದು, ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಹಿಡಿಯುವುದಿಲ್ಲ. ಈಗ ಇಲ್ಲಿ ಎರಡು ಕುರ್ಚಿ, ಒಂದು ಗಾಜಿನ ಮೇಜು ಬಿಟ್ಟರೆ ಏನೂ ಇಲ್ಲ. ಆಗ ಹದಿನಾರು ಹಾಸಿಗೆ. ಮಧ್ಯಾಹ್ನ ಎರಡು ಗಂಟೆ ಕಡ್ಡಾಯ ನಿದ್ದೆ, ಅಲ್ಲಾಡುವಂತಿಲ್ಲ, ತೊಟ್ಟಿಯ ಅಂಚಿಗೆ ಕಟ್ಟಿದ ಪಟ್ಟಿಗಳು ಕಂಕುಳಲ್ಲಿ ಕೊರೆಯುತ್ತವೆ, ಮೂಗು ತುರಿಸಿದರೆ ಹಿರಿಯ ಸಿಸ್ಟರ್ ಬಂದು ಕೈ ಬಿಚ್ಚುವವರೆಗೆ ಕಾಯಬೇಕು. ಬಲ ಪಕ್ಕದ ಹಾಸಿಗೆಯಲ್ಲಿ ಬ್ಲಾಜೆನಾ. ಬ್ಲಾಜೆನಾಳ ಅಮ್ಮ ತಿಂಗಳ ಮೊದಲ ಭಾನುವಾರ, ಒಂದನ್ನೂ ತಪ್ಪಿಸದೆ, ಎರಡು ಬಸ್ಸು ಬದಲಿಸಿ ಹಳ್ಳಿಯಿಂದ ಬರುತ್ತಿದ್ದಳು. ಪ್ಲಮ್ ಹಣ್ಣಿನ ಹೂರಣ ತುಂಬಿದ ಬನ್ನು ತರುತ್ತಿದ್ದಳು. ಆ ಅಕ್ಟೋಬರಿನ ಭಾನುವಾರ ಯಾರ್ಮಿಲಾಳ ಅಮ್ಮ ಬರಲಿಲ್ಲ. ಗಾಜಿನಾಚೆಯ ಗೇಟನ್ನು ನೋಡಿ ನೋಡಿ ಕಣ್ಣು ಉರಿಯಿತು, ಕೊನೆಗೆ ಸಿಸ್ಟರ್ ಗೇಟಿಗೆ ಬೀಗ ಹಾಕಿದಳು. ಬ್ಲಾಜೆನಾ ಬಾಯಿಯ ಸುತ್ತ ಸಕ್ಕರೆ ಪುಡಿ ಮೆತ್ತಿಕೊಂಡು ನಿದ್ದೆಹೋಗಿದ್ದಳು.

"ಈ ಗೋಡೆಯ ಮರ ಬಂದದ್ದು ಕಾಕಸಸ್‌ನಿಂದ," ರೊಝಾಲಿಯೆ ಹೇಳುತ್ತಿದ್ದಳು. ಬಟ್ಟೆ ಗಿರಣಿಯ ಟೌಬರ್ ಕುಟುಂಬ ಮೂವತ್ತೆಂಟರಲ್ಲಿ ಎರಡು ಸೂಟ್‌ಕೇಸು ಹಿಡಿದು ಓಡಿಹೋದದ್ದು, ಯುದ್ಧದಲ್ಲಿ ಸೈನಿಕರು ತಂಗಿದ್ದು, ಕುದುರೆ ಕಟ್ಟಿದ್ದು, ಎಲ್ಲ ಹೇಳಿದಳು. "ಆಮೇಲೆ ಕೆಲಕಾಲ ಇಲ್ಲಿ ಮಕ್ಕಳ ಆರೋಗ್ಯಧಾಮ ಇತ್ತು. ಈಗ ಬೆಳಕಿನ ವಿಷಯಕ್ಕೆ ಬರೋಣ."

ಕೆಲಕಾಲ! ಕುದುರೆಗಳಿಗೆ ಐದು ನಿಮಿಷ, ಮಕ್ಕಳಿಗೆ ಒಂದು ಸಾಲು. ಇಪ್ಪತ್ತಮೂರು ವರ್ಷ, ಪ್ರತಿ ವರ್ಷ ಹದಿನಾರು ಓರೆ ಬೆನ್ನುಗಳು, ಇವಳ ನಾಲಿಗೆಯ ಮೇಲೆ ಒಂದು ಉಸಿರಿಗೆ ಮುಗಿದುಹೋದವು. ಯಾರ್ಮಿಲಾ ಸಿಡುಕಿಕೊಂಡು ಜನರ ಹಿಂದಕ್ಕೆ ಸರಿದು ನಿಂತಳು. ಗೋಡೆಯ ಕೆಳಭಾಗವನ್ನು ನೋಡಲೇಬಾರದೆಂದು ಬೆಳಕಿನ ಕಡೆಗೇ ಮುಖ ಮಾಡಿದಳು. ರಿಪೇರಿ ಮಾಡಿದವರು ಅಷ್ಟೊಂದು ಕೋಟಿ ಸುರಿದಿದ್ದಾರೆ, ಒಂದು ಗೀರನ್ನು ಉಜ್ಜಿ ತೆಗೆಯದೆ ಇರುತ್ತಾರೆಯೇ? ಹೋಗಿರುತ್ತದೆ ಬಿಡು.

"ಗೀರು ಎಲ್ಲಿದೆ? ಪುಸ್ತಕದಲ್ಲಿ ಓದಿದೀನಿ, ಕುದುರೆ ಕಡಿವಾಣದಿಂದ ಆಗಿದ್ದಂತಲ್ಲ," ಎಂದಳು ಪ್ರಾಗಿನ ಹೆಂಗಸು.

"ಇಲ್ಲೇ ಇದೆ. ಬೇಕಂತಲೇ ಉಳಿಸಿಕೊಂಡಿದೀವಿ." ರೊಝಾಲಿಯೆ ಮಂಡಿಯೂರಿ ಕೂತು ಬೆರಳು ತೋರಿಸಿದಳು. "ಆದ್ರೆ ಕುದುರೆ ಕಥೆ ಹಳೇದು. ನೋಡಿ, ಎಷ್ಟು ಕೆಳಗಿದೆ. ಮೂರು ವರ್ಷದ ಹಿಂದೆ ಒಬ್ಬ ಅಜ್ಜಿ ಬಂದಿದ್ರು. ಇದೇ ಜಾಗದಲ್ಲಿ ನಿಂತು ಅತ್ತುಬಿಟ್ರು. ಚಿಕ್ಕವಳಿದ್ದಾಗ ಇಲ್ಲಿದ್ದೆ, ಇದನ್ನ ಕೆಡಿಸಿದ್ದು ನಾನೇ, ಕ್ಷಮಿಸಿಬಿಡಿ ಅಂದ್ರು. ನಮಗೆಲ್ಲಾ ಕಣ್ಣಲ್ಲಿ ನೀರು. ಅದಕ್ಕೇ ಈ ಫಲಕ."

ಗೀರಿನ ಪಕ್ಕ ಸಣ್ಣದೊಂದು ಹಿತ್ತಾಳೆಯ ಫಲಕವಿತ್ತು. ಯಾರ್ಮಿಲಾ ಕನ್ನಡಕ ಸರಿಮಾಡಿಕೊಂಡು ಓದಿದಳು. *ಬ್ಲಾಜೆನಾ, ಒಂಬತ್ತು ವರ್ಷ. 1972.*

ಅವಳು ಬದುಕಿದ್ದಾಳೆ ಎಂಬ ಸಂತೋಷ ಒಂದು ಗಳಿಗೆ ಬಂತು. ಆಮೇಲೆ ಫಲಕವನ್ನು ಮತ್ತೊಮ್ಮೆ ಓದಿದಳು. ಕೆಡಿಸಿದ್ದು ನಾನೇ ಎಂದಳಂತೆ. ಹೆದರಿ ಹೇಳಿದ್ದಲ್ಲ, ಯಾರೂ ಕೇಳದೆ ತಾನಾಗಿ ಬಂದು, ಅರವತ್ತರ ಮುದುಕಿ, ಅತ್ತು ಹೇಳಿದ್ದು. ನಂಬಿಬಿಟ್ಟಿದ್ದಾಳೆ. ನಂಬದೆ ಏನು ಮಾಡುತ್ತಾಳೆ? ಆ ಅಕ್ಟೋಬರಿನ ಮಧ್ಯಾಹ್ನ ಯಾರ್ಮಿಲಾ ಬಲಗೈಯ ಪಟ್ಟಿ ಸಡಿಲಿಸಿಕೊಂಡು, ಹಾಸಿಗೆಗಳ ನಡುವಿನ ಸಂದಿಯಲ್ಲಿ ಕೈ ಇಳಿಬಿಟ್ಟು, ಅಲ್ಯೂಮಿನಿಯಂ ಚಮಚದ ಹಿಡಿಕೆಯಿಂದ ಗೋಡೆಯನ್ನು ಗೀರಿದ್ದಳು. ಒಂದು ಗೀರಿಗೆ ಸಮಾಧಾನವಾಗಲಿಲ್ಲ, ಎಂಟು ಗೀರಿದಳು. ಅಷ್ಟು ಚಂದದ ಗೋಡೆ ಅಷ್ಟು ನೆಟ್ಟಗೆ ನಿಂತಿದ್ದನ್ನು ಅವಳಿಗೆ ಸಹಿಸಲಾಗಿರಲಿಲ್ಲ. ಸಿಸ್ಟರ್ ಬಂದು ಯಾರು ಎಂದಾಗ ಸುಮ್ಮನಿದ್ದರೆ ಸಾಕಾಗಿತ್ತು, ಬೆರಳೆತ್ತಿ ಪಕ್ಕದ ಹಾಸಿಗೆಯನ್ನು ತೋರಿಸಿದಳು. ಬ್ಲಾಜೆನಾ ಮೂರು ದಿನ ಅಲ್ಲ ಅಲ್ಲ ಎಂದಳು. ನಾಲ್ಕನೆಯ ದಿನ ಸಾಕಾಗಿ ಹೌದು ಎಂದಳು. ಆಮೇಲೆ ಒಂದು ತಿಂಗಳು ಪ್ರತಿ ಮಧ್ಯಾಹ್ನ ಸೂಪು ಬಡಿಸುವ ಮೊದಲು ಎಲ್ಲರಿಗೂ ಕೇಳುವಂತೆ ಅವಳು ಹೇಳಬೇಕಿತ್ತು: "ಗೋಡೆ ಕೆಡಿಸಿದ್ದು ನಾನು." ಹೇಳಿದ ಮೇಲೇ ಚಮಚ ಕೈಗೆ. ನವೆಂಬರಿನ ಭಾನುವಾರ ಅವಳ ಅಮ್ಮನನ್ನು ಒಳಗೆ ಬಿಡಲಿಲ್ಲ. ತೋಟದ ಗೇಟಿನಾಚೆ ಆ ಹೆಂಗಸು ಬನ್ನಿನ ಗಂಟು ಎದೆಗವಚಿಕೊಂಡು ನಿಂತದ್ದು, ಒಂದು ಕೈ ಎತ್ತಿ ಬೀಸಿದ್ದು, ತಲೆಗೆ ಕಟ್ಟಿದ ಬಟ್ಟೆಯ ಮೇಲೆ ಹಿಮ ಬಿದ್ದದ್ದು, ಎಲ್ಲವೂ ಈ ಗಾಜಿನಿಂದ ಹದಿನಾರು ಹಾಸಿಗೆಗೂ ಕಂಡಿತ್ತು.

"ಅವಳಲ್ಲ," ಎಂದಳು ಯಾರ್ಮಿಲಾ.

ಎಲ್ಲರೂ ತಿರುಗಿ ನೋಡಿದರು.

"ಅದನ್ನ ಗೀರಿದ್ದು ಅವಳಲ್ಲ. ನಾನು."

"ಯಾರ್ಮಿಲ್ಕಾ," ಓಲ್ದ್ರಿಖ್ ಅವಳ ತೋಳು ಹಿಡಿದು ನಗಲು ನೋಡಿದ, "ಏನು ಮಾತು ಅಂತ ಆಡ್ತೀಯ? ಎಪ್ಪತ್ತೆರಡರಲ್ಲಿ ನೀನು ಅಜ್ಜಿ ಮನೇಲಿದ್ದೆಯಲ್ಲ."

"ಅಜ್ಜಿ ಮನೇಲಿರ್ಲಿಲ್ಲ. ಇಲ್ಲಿದ್ದೆ. ಆ ಕಿಟಕಿ ಕಡೆಯಿಂದ ಮೂರನೇ ಹಾಸಿಗೆ."

"ಮತ್ತೆ ಮೇಕೆ?"

"ಮೇಕೆ ಇರ್ಲಿಲ್ಲ, ಓಲ್ದಾ."

ಅವನ ಕೈ ತೋಳಿನಿಂದ ಜಾರಿತು. ಯಾರೋ ಕಿಸಕ್ಕೆಂದರು. ಪ್ರಾಗಿನ ಹೆಂಗಸು ತಲೆಯನ್ನು ಒಂದು ಕಡೆಗೆ ವಾಲಿಸಿ, ಕನಿಕರದ ದನಿಯಲ್ಲಿ, "ಇಂಥ ಜಾಗದಲ್ಲಿ ಮನಸ್ಸು ತುಂಬಿ ಬರುತ್ತೆ ಪಾಪ," ಎಂದಳು. ರೊಝಾಲಿಯೆಯ ಮುಖದಲ್ಲಿ ಒಂದು ತಾಳ್ಮೆಯ ನಗು ಬಂದು ಕೂತಿತು. ತರಬೇತಿಯಲ್ಲಿ ಕಲಿಸಿರುತ್ತಾರೆ. "ತುಂಬಾ ಜನಕ್ಕೆ ಹಾಗನ್ನಿಸುತ್ತೆ ಮೇಡಂ. ಹೋದ ತಿಂಗಳು ಒಬ್ರು ಟೌಬರ್ ಮೊಮ್ಮಗಳು ತಾನೇ ಅಂದ್ರು. ನಮ್ಮ ಹತ್ರ ಬ್ಲಾಜೆನಾ ಅವರ ಸಹಿ ಇರೋ ಹೇಳಿಕೆ ಇದೆ. ಈಗ ಬಾಯ್ಲರ್ ಕೋಣೆಗೆ ಹೋಗೋಣ್ವಾ? ಆ ಕಾಲಕ್ಕೆ ಅದು ದೊಡ್ಡ ಅದ್ಭುತ."

ಐವತ್ತೆರಡು ವರ್ಷ ಬಚ್ಚಿಟ್ಟ ಮಾತು ಕೊನೆಗೂ ಹೊರಗೆ ಬಿದ್ದಿತ್ತು, ಜನ ಅದನ್ನು ದಾಟಿಕೊಂಡು ಬಾಯ್ಲರ್ ನೋಡಲು ಹೊರಟರು. ಯಾರ್ಮಿಲಾಗೆ ಕಿರುಚಬೇಕೆನಿಸಿತು. ತಪ್ಪು ಮಾಡಿದವಳು ಒಪ್ಪಿಕೊಂಡರೂ ತೆಗೆದುಕೊಳ್ಳುವವರಿಲ್ಲ, ಮಾಡದವಳ ಹೆಸರನ್ನು ಹಿತ್ತಾಳೆಯಲ್ಲಿ ಕೊರೆದಿಟ್ಟಿದ್ದಾರೆ. ಕೊಳವೆಗಳ ಮುಂದೆ ನಿಂತು ಬಿಸಿ ಗಾಳಿ ಹೇಗೆ ಮೇಲೇರುತ್ತದೆ ಎಂಬುದನ್ನು ಕೇಳಿದಳು. ಕಲ್ಲಿದ್ದಲು ಎಲ್ಲಿಂದ ಇಳಿಯುತ್ತಿತ್ತು ಎಂಬುದನ್ನು ಕೇಳಿದಳು. ಉಣ್ಣೆಯ ಮೆಟ್ಟು ಕಾಲಿನಿಂದ ಕಳಚಿಕೊಂಡು ಎರಡು ಸಲ ಎಡವಿದಳು. ಓಲ್ದ್ರಿಖ್ ಗುಂಪಿನ ಇನ್ನೊಂದು ತುದಿಯಲ್ಲಿದ್ದ. ಯಂತ್ರಗಳೆಂದರೆ ಪ್ರಾಣ ಬಿಡುವವನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅವನು ಕಾಲುಚೀಲದಲ್ಲಿ ತಣ್ಣನೆಯ ಸಿಮೆಂಟಿನ ಮೇಲೆ ನಿಂತಿರುವುದನ್ನು ನೋಡಿ ಅವಳಿಗೆ ಮೊದಲ ಬಾರಿಗೆ ಅಯ್ಯೋ ಅನಿಸಿತು. ಪಾಪದವನ ನಲವತ್ತು ವರ್ಷದಿಂದ ಒಂದು ಮೇಕೆಯನ್ನು ಕಿತ್ತುಕೊಂಡಿದ್ದಳು.

ಮೇಲೆ ಬಂದ ಮೇಲೆ ಜನ ಚೀಲ ತೆಗೆದುಕೊಂಡು ಚದುರಿದರು. ಟಿಕೆಟ್ ಕೌಂಟರಿನ ಮುಂದೆ ಒಂದು ಬೆಂಚು, ಕೌಂಟರಿನ ಮೇಲೆ ಪ್ರವಾಸಿಗಳಿಗೆಂದು ಇಟ್ಟ ರಬ್ಬರ್ ಸ್ಟಾಂಪು. ಹೋದ ಕಡೆಯಲ್ಲೆಲ್ಲ ಅಂಥ ಮುದ್ರೆ ಒತ್ತಿಸಿಕೊಳ್ಳಲು ಓಲ್ದ್ರಿಖ್ ಒಂದು ನೋಟ್‌ಬುಕ್ಕು ಇಟ್ಟಿದ್ದಾನೆ, ಅದು ಏಳನೆಯದು. ಈಗ ಅವನು ಸ್ಟಾಂಪಿನ ಕಡೆ ನೋಡದೆ ಬೆಂಚಿನ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಯಾರ್ಮಿಲಾ ಕೌಂಟರಿನ ಹಿಂದೆ ಕೂತಿದ್ದ ರೊಝಾಲಿಯೆಯ ಮುಂದೆ ಹೋಗಿ ನಿಂತಳು.

"ಬ್ಲಾಜೆನಾ ಅವರ ವಿಳಾಸ ಕೊಡಿ."

"ಹಾಗೆಲ್ಲಾ ಕೊಡೋ ಹಾಗಿಲ್ಲ ಮೇಡಂ."

"ಫೋನ್ ನಂಬರ್?"

"ಅದೂ ಕೊಡೋ ಹಾಗಿಲ್ಲ. ದಯವಿಟ್ಟು ಬೇಜಾರ್ ಮಾಡ್ಕೋಬೇಡಿ. ನಿಮ್ಮ ನೆನಪು ಏನೋ ಕಲಸ್ಕೊಂಡಿರಬಹುದು..."

"ಏನಮ್ಮಾ," ಬೆಂಚಿನಿಂದ ಓಲ್ದ್ರಿಖ್‌ನ ದನಿ ಬಂತು. ಅವನು ತಲೆಯೆತ್ತದೆ ದಾರವನ್ನೇ ಎಳೆಯುತ್ತಿದ್ದ. "ನನ್ನ ಹೆಂಡ್ತಿ ನನಗೆ ನಲವತ್ತು ವರ್ಷ ಸುಳ್ಳು ಹೇಳಿದಾಳೆ. ಎಷ್ಟು ಚೆನ್ನಾಗಿ ಹೇಳಿದಾಳೆ ಅಂದ್ರೆ, ಒಂದು ಕಡೆನೂ ತಡವರಿಸಿಲ್ಲ. ಅವಳು ಸುಳ್ಳು ಹೇಳುವಾಗ ಮುಖ ಹೂವಿನ ಹಾಗಿರುತ್ತೆ. ಈಗ ಆ ಮುಖ ನೋಡಿ. ನಿಜಾನೇ ಹೇಳ್ತಿರೋದು. ಫೋನ್ ಮಾಡಿ."

ರೊಝಾಲಿಯೆ ಇಬ್ಬರನ್ನೂ ನೋಡಿದಳು. ಡ್ರಾಯರ್ ಎಳೆದು ಒಂದು ಚೀಟಿ ಹುಡುಕಿದಳು. "ಆ ಕಾಲದವ್ರು ಯಾರಾದ್ರೂ ಬಂದ್ರೆ ತಿಳಿಸಿ ಅಂತ ಅವರೇ ಬರೆದುಕೊಟ್ಟು ಹೋಗಿದಾರೆ. ನಾನು ಮೊದಲು ಕೇಳ್ತೀನಿ. ಬೇಡ ಅಂದ್ರೆ ಬೇಡ." ನಂಬರ್ ಒತ್ತಿ, ಆ ಕಡೆಗೆ ತಿರುಗಿ ಮೆಲ್ಲಗೆ ಮಾತಾಡಿ, ಹುಬ್ಬೇರಿಸಿ, ಫೋನನ್ನು ಕೌಂಟರಿನ ಮೇಲಿಂದ ಚಾಚಿದಳು.

"ಯಾರ್ಮಿಲ್ಕಾ?" ದಪ್ಪ ದನಿ, ಕೆಮ್ಮು, ಹಿಂದೆ ಟೀವಿಯ ಗಲಾಟೆ. "ಅಯ್ಯೋ ದೇವ್ರೇ, ಬದುಕಿದೀಯೇನೇ? ನಿನ್ನ ಎಷ್ಟು ಹುಡುಕಿಸಿದೆ ಗೊತ್ತಾ? ಮನೆ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಬೆನ್ನು ಹೇಗಿದೆ?"

"ಓರೆ."

"ನಂದೂ ಓರೆ ಕಣೇ! ಅಷ್ಟು ದಿನ ಹೆಣದ ಹಾಗೆ ಮಲಗಿಸಿ ಏನು ಕಡಿದು ಕಟ್ಟೆ ಹಾಕಿದ್ರು ಅವರು?" ಬ್ಲಾಜೆನಾ ನಕ್ಕಳು, ನಗು ಕೆಮ್ಮಾಯಿತು.

ಯಾರ್ಮಿಲಾ ಕೆಮ್ಮು ನಿಲ್ಲುವವರೆಗೆ ಕಾದಳು. "ಬ್ಲಾಜೆನಾ, ಆ ಗೀರು ನೀನು ಮಾಡಿದ್ದಲ್ಲ. ನಾನು ಮಾಡಿದ್ದು."

"ಏನಂದೆ?"

"ನೀನು ನಿದ್ದೆ ಮಾಡ್ತಿದ್ದೆ. ನಾನೇ ಗೀರಿ, ಸಿಸ್ಟರ್‌ಗೆ ನಿನ್ನ ಹೆಸರು ಹೇಳ್ದೆ."

"ತಲೆ ನೆಟ್ಟಗಿದ್ಯಾ ನಿಂಗೆ? ಚಮಚದ ಹಿಡಿಕೇಲಿ ಎಂಟು ಗೆರೆ ಎಳೆದವಳು ನಾನು. ಕೈಗೆ ಇನ್ನೂ ನೆನಪಿದೆ, ಮರ ಕಿರ್ ಅಂತಿತ್ತು. ನಿದ್ದೆ ಮಾಡ್ತಿದ್ದವಳು ನೀನು."

"ಅಲ್ಲ, ಬ್ಲಾಜೆನಾ. ಅವರು ದಿನಾ ನಿನ್ನ ಬಾಯಲ್ಲಿ ಹೇಳಿಸಿ ಹೇಳಿಸಿ ನಿನಗೇ ಹಾಗನ್ಸಿದೆ."

ಟೀವಿಯ ಸದ್ದು ನಿಂತಿತು. ಆ ಕಡೆ ಯಾವುದೋ ಕುರ್ಚಿ ಕಿರುಗುಟ್ಟಿತು. "ನೋಡು," ಬ್ಲಾಜೆನಾ ಮಗುವಿಗೆ ತಿಳಿಹೇಳುವ ಹಾಗೆ ಶುರುಮಾಡಿದಳು, "ಇಡೀ ಹಾಲ್‌ನೋರು ನನ್ನ ಜೊತೆ ಮಾತು ಬಿಟ್ಟಿದ್ರು. ಕ್ರಿಸ್‌ಮಸ್ಸಿಗೆ ತಲೆಗೊಂದು ಕಿತ್ತಳೆ ಹಣ್ಣು ಕೊಟ್ರು, ನಂಗೆ ಕೊಡ್ಲಿಲ್ಲ. ವರ್ಷಕ್ಕೊಂದು ಸಲ ಕಾಣೋ ಹಣ್ಣು. ನೀನು ನಿಂದ್ರಲ್ಲಿ ಅರ್ಧ ಬಿಡಿಸಿ ಸಂದಿಯಿಂದ ಕೊಟ್ಟೆ. ಆ ರುಚಿ ನಾನು ಸಾಯೋತನಕ ಮರೆಯಲ್ಲ. ಹೆಸರು ಹೇಳಿ ಸಿಗಿಸಿದವಳು ಹಾಗೆ ಮಾಡ್ತಾಳೇನೇ?"

ಯಾರ್ಮಿಲಾಗೆ ಆ ಹಣ್ಣು ನೆನಪಿರಲಿಲ್ಲ. ಎಷ್ಟು ತಡಕಿದರೂ ಸಿಗಲಿಲ್ಲ. ತಪ್ಪಿನ ಒಂದೊಂದು ಕ್ಷಣವನ್ನೂ ಐವತ್ತೆರಡು ವರ್ಷ ಜೋಪಾನ ಮಾಡಿದ್ದಳು, ಅದರ ಪಕ್ಕದಲ್ಲೇ ಬಿದ್ದಿದ್ದ ಇದನ್ನು ಪೂರ್ತಿ ಕಳೆದುಕೊಂಡಿದ್ದಳು. ಆದರೆ ಯಾಕೆ ಕೊಟ್ಟಿರಬೇಕೆಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಅದಕ್ಕೇ ಕೊಟ್ಟಿರ್ಬೇಕು," ಎಂದಳು.

"ಬಾಯಿ ಮುಚ್ಚು."

ಅದು ಕೂಗಾಗಿರಲಿಲ್ಲ. ರೊಝಾಲಿಯೆ ಟಿಕೆಟಿನ ಸುರುಳಿ ಸುತ್ತುವ ನೆಪದಲ್ಲಿ ತಲೆ ತಗ್ಗಿಸಿದ್ದಳು.

"ಕೇಳು ಇಲ್ಲಿ," ಬ್ಲಾಜೆನಾಳ ದನಿ ಈಗ ಬೇರೆಯಾಗಿತ್ತು. "ಅವತ್ತು ಅಮ್ಮ ಗೇಟಿನ ಹೊರಗೆ ನಿಂತು ಹಾಗೇ ವಾಪಸ್ ಹೋದ್ಲಲ್ಲ. ಬನ್ನು ಬಸ್ಸಲ್ಲಿ ಬಿಟ್ಟುಬಂದ್ಲಂತೆ, ತಿನ್ನೋಕಾಗ್ದೆ. ಅದು ನನ್ನ ತಪ್ಪಿಂದ ಆಯ್ತು ಅಂತ ನಾನು ಅವಳು ಸಾಯೋ ಮುಂಚೆ ಹಾಸಿಗೆ ಪಕ್ಕ ಕೂತು ಕ್ಷಮೆ ಕೇಳ್ದೆ. ಅವಳು ನನ್ನ ತಲೆ ಸವರಿದ್ಲು. ಹುಚ್ಚಿ, ಅವತ್ತೇ ಕ್ಷಮಿಸಿದೀನಿ ಅಂದ್ಲು. ಅದೊಂದು ಮಾತಿಂದ ನಾನು ನಿದ್ದೆ ಮಾಡ್ತೀನಿ. ಈಗ ನೀನು ಬಂದು ಅದು ಇನ್ಯಾರದ್ದೋ ಅಂದ್ರೆ, ನಮ್ಮಮ್ಮ ಕ್ಷಮಿಸಿದ್ದು ಯಾರನ್ನೇ?"

ಯಾರ್ಮಿಲಾ ಬೆಂಚಿನ ಕಡೆ ತಿರುಗಿದಳು. ಬೆಂಚಿನ ಮೇಲೆ ಓಲ್ದ್ರಿಖ್ ಒಂದು ಬೂಟಿನ ದಾರ ಕಟ್ಟಿ ಮುಗಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ.

"ಇದೀಯಾ?" ಎಂದಳು ಬ್ಲಾಜೆನಾ.

"ಇದೀನಿ."

"ನೀನು ಕಣ್ಣಾರೆ ನೋಡಿ ಬಂದ್ಯಲ್ಲ. ಗೋಡೆ ಹತ್ರ ಫಲಕ ಹಾಕ್ತೀವಿ ಅಂದಿದ್ರು. ಮಂಡಿ ನೋವು, ನಂಗೆ ಆಮೇಲೆ ಬರೋಕಾಗ್ಲಿಲ್ಲ. ಹಾಕಿದಾರಾ?"

"ಹಾಕಿದಾರೆ."

"ಯಾರ ಹೆಸರಿದೆ?"

ಯಾರ್ಮಿಲಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಿಂದೇ ಇದೆ, ಬ್ಲಾಜೆನಾ," ಎಂದಳು. "ಹಿತ್ತಾಳೇಲಿ ಬರೆಸಿದಾರೆ."